ಕಾಮಾಲೆಗೆ ಹಾಕಿದ ಬರೆ

ಅದಲ್ಲ ಕಾಳಮ್ಮ, ಹಿಂಗೆ ಒಲೆ ಕಡೆ ನೋಡ್ಕೊಂಡು ಕೂತ್ರೆ ನಂಗೇನು ಗೊತ್ತಾಗ್ಬೇಕು? ನಿನ್ನೆ ಜೈಲಿಗೆ ಹೋಗಿದ್ಯಂತಲ್ಲ, ಬಸ್ಸಲ್ಲಿ ನೋಡಿದೋರು ಹೇಳಿದ್ರು. ರಂಜಿತಾ ಏನಂದ್ಲು? ನೀನು ಹೆತ್ತ ಮಗಳು, ನಿನ್ನ ಮುಂದೆ ಬಾಯಿಬಿಡದೆ ಇರ್ತಾಳಾ? ಮಗು ಬಗ್ಗೆ... ಅವಳ ಗಂಡ ಆ ಕೀರ್ತಿ ಬಗ್ಗೆ... ಬೇರೆ ಯಾರ ಬಗ್ಗೆನಾದ್ರೂ...

ಸರಿ ಬಿಡು, ಆಮೇಲೆ ಹೇಳುವಂತೆ. ಆ ಅವರೆಕಾಯಿ ಇತ್ಲಾಗೆ ತಾ, ನಾನೂ ಒಂದು ಹಿಡಿ ಸುಲೀತೀನಿ. ಅಯ್ಯೋ, ತಾ ಅಂದ್ರೆ! ಅಂಗನವಾಡಿ ಟೀಚರಮ್ಮ ತೋಟದ ಕೂಲಿಯೋರ ಲೈನ್ ಮನೆ ಬಾಗಿಲಲ್ಲಿ ಕೂತು ಕಾಯಿ ಸುಲಿದ್ರೆ ಏನಾಯ್ತು? ನೋಡೋಕೆ ಯಾರಿದ್ದಾರೆ? ಲೈನಿಗೆ ಲೈನೇ ಶನಿವಾರಸಂತೆಗೆ ಹೋಗಿದೆ. ಅದಕ್ಕೇ ಅಲ್ವಾ ನಾನು ಇವತ್ತು... ಅಂದ್ರೆ, ಶನಿವಾರ ನಂಗೂ ಬೇಗ ಮುಗಿಯತ್ತೆ, ಅದಕ್ಕೆ ಬಂದೆ ಅಂತ.

ಹದಿನೈದು ದಿನ ಆಯ್ತಲ್ಲ ನಿನ್ನ ಮೊಮ್ಮಗಳು ಚಿನ್ನಿ ಹೋಗಿ, ಗಂಡ ಹೆಂಡ್ತಿ ಇಬ್ಬರನ್ನೂ ಒಳಗೆ ಹಾಕಿ. ಮಣ್ಣಿಗೆ ಬರೋಕಾಗ್ಲಿಲ್ಲ ಕಣಮ್ಮ. ಪೊಲೀಸ್ನೋರು, ಸೂಪರ್‌ವೈಸರ್ ಮೇಡಂ, ಕ್ಯಾಮೆರಾ ಹಿಡ್ಕೊಂಡೋರು... ಅಂಗನವಾಡಿ ಮುಂದೆ ಕಾಲಿಡೋಕೆ ಜಾಗ ಇರ್ಲಿಲ್ಲ. ಇಲ್ಲ, ಇಲ್ಲ, ಸುಳ್ಳು ಅದು. ಬರಬಹುದಿತ್ತು. ನಾಲ್ಕು ವರ್ಷದ ಮಗು ಮಣ್ಣಾಗೋ ಜಾಗದಲ್ಲಿ ನಿನ್ನ ಮುಖ ನೋಡೋಕೆ ಧೈರ್ಯ ಬರ್ಲಿಲ್ಲ. ನೋಡು, ಇಷ್ಟು ಬಾಯಿಬಿಟ್ಟು ಹೇಳ್ತಿದೀನಿ ತಾನೆ? ಮುಚ್ಚಿಡೋಳಾಗಿದ್ರೆ ಇಲ್ಲೀವರೆಗೂ ಬರ್ತಿದ್ನಾ?

ಕೇಳಿಲ್ಲಿ. ಸೋಮವಾರ ಮಕ್ಕಳ ಕಲ್ಯಾಣ ಸಮಿತಿಯೋರು ಬರ್ತಾರಂತೆ. ನಿನ್ನನ್ನೂ ಕೂರಿಸ್ಕೊಂಡು ಕೇಳ್ತಾರೆ. ಅಜ್ಜಿ, ನಿಂಗೆ ಮೊದಲೇ ಏನಾದ್ರೂ ಅನುಮಾನ ಇತ್ತಾ? ಯಾರಿಗಾದ್ರೂ ಹೇಳಿದ್ಯಾ? ಹಿಂಗೆಲ್ಲ ಕೇಳ್ತಾರೆ. ನೀನು ಏನಂತೀಯ? ಟೀಚರಮ್ಮನಿಗೆ ಹೇಳಿದ್ದೆ ಅಂತೀಯ. ಹೇಳು, ಬೇಡ ಅನ್ನಲ್ಲ. ಆದ್ರೆ ಆಮೇಲೆ ಅವರು ನಿನ್ನನ್ನೇ ತಿರುಗಿಸಿ ಕೇಳ್ತಾರೆ ಕಾಳಮ್ಮ, ಗೊತ್ತಿದ್ದೂ ಸ್ಟೇಷನ್ನಿಗೆ ಯಾಕೆ ಹೋಗ್ಲಿಲ್ಲ, ಮಗೂನ ನಿನ್ನ ಹತ್ರ ಯಾಕೆ ಇಟ್ಕೊಳ್ಳಲಿಲ್ಲ ಅಂತ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಮಗು ಸರಿಯಾಗಿ ಉಣ್ಣಲ್ಲ ಅಂತ ಹೇಳೋಕೆ ಹೋಗಿದ್ದೆ ಅನ್ನು, ಸಾಕು. ಅದೂ ನಿಜಾನೇ ತಾನೆ? ಉಣ್ತಿರ್ಲಿಲ್ಲ ತಾನೆ ಅದು?

ಕೈ ಯಾಕೆ ನಿಲ್ಸಿದೆ?

ಹಂಗೆ ನೋಡಬೇಡ ಕಾಳಮ್ಮ. ನಂಗೇನು ನೆನಪಿಲ್ವಾ? ಅವತ್ತು ಅರ್ಧ ದಿನದ ಕಾಫಿ ಪಿಕ್ಕಿಂಗ್ ಬಿಟ್ಟು ಬಂದಿದ್ದೆ ನೀನು. ಸೊಂಟಕ್ಕೆ ಕಟ್ಟಿದ ಚೀಲಾನೂ ಬಿಚ್ಚಿರ್ಲಿಲ್ಲ. ಒಳಗೆ ಬಾ ಅಂದ್ರೆ ಬರದೆ ಮೆಟ್ಟಿಲ ಹತ್ರಾನೇ ನಿಂತು, ಚಿನ್ನಿ ಫ್ರಾಕ್ ಮೇಲೆತ್ತಿ ಬೆನ್ನು ತೋರಿಸ್ದೆ. ಎರಡು ಬರೆ. ಪಕ್ಕ ಪಕ್ಕ. ಆಗ ನಾನೇನಂದೆ? ಅಯ್ಯೋ ಕಾಳಮ್ಮ, ಇದು ಕಾಮಾಲೆಗೆ ಹಾಕಿಸಿದ ಬರೆ, ನಿಮ್ಮ ಅಳಿಯನೇ ಹೇಳಿದಾನೆ, ಅರಕಲಗೂಡು ಕಡೆ ಯಾರೋ ಪಂಡಿತರ ಹತ್ರ ಕರ್ಕೊಂಡು ಹೋಗಿದ್ನಂತೆ ಅಂದೆ. ಸೆರಗು ಸರಿಸಿ ನನ್ನ ತೋಳು ತೋರಿಸ್ದೆ. ನೋಡು, ನಂಗೂ ನಮ್ಮಜ್ಜಿ ಹಾಕಿಸಿದ್ಲು, ನಾನು ಸತ್ತೋದ್ನಾ ಅಂತ ನಕ್ಕೆ.

ನಕ್ಕೆ ಕಣಮ್ಮ. ನೀನೂ ಸ್ವಲ್ಪ ನಕ್ಕಂಗೆ ಮಾಡ್ದೆ. ಟೀಚರಮ್ಮ ಹೇಳಿದ ಮೇಲೆ ಸರಿ ಇರ್ಬೇಕು ಅಂತ.

ನೀನೇ ಹೇಳು, ನಮ್ಮ ಕಡೆ ಯಾರ ಮೈಮೇಲೆ ಬರೆ ಇಲ್ಲ? ಮಗೂಗೆ ಕಣ್ಣು ಹಳದಿ ಆದ್ರೆ ಬರೆ, ರಚ್ಚೆ ಹಿಡಿದ್ರೆ ಬರೆ. ಬೇಡ, ಆಸ್ಪತ್ರೆಗೆ ಹೋಗಿ ಅಂತ ಮನೆ ಮನೆಗೆ ಹೋಗಿ ಹೇಳೋಳೇ ನಾನು. ಇಪ್ಪತ್ತೆರಡು ವರ್ಷದಿಂದ ಹೇಳ್ತಿದೀನಿ. ಆದ್ರೂ ಸುಟ್ಟ ಗಾಯ ಕಂಡ ಕೂಡಲೇ ನನ್ನ ತಲೆಗೆ ಬಂದಿದ್ದು ಅದೇ. ಹೊರಗಿನಿಂದ ಬಂದ ಟೀಚರ್ ಆಗಿದ್ರೆ ಹೆದರಿ ಕಿರುಚ್ತಿದ್ಲೋ ಏನೋ. ನಂಗೆ ಗಾಬರೀನೇ ಆಗ್ಲಿಲ್ಲ.

ಅಲ್ದೆ ಹೇಳಿದೋನು ಯಾರು? ಕೀರ್ತಿಕುಮಾರ. ನಮ್ಮೋನು. ನಮ್ಮ ಯಜಮಾನರ ಊರಿನೋನು. ಹಣೆ ತುಂಬ ವಿಭೂತಿ ಇಲ್ದೆ ಮನೆಯಿಂದ ಹೊರಗೆ ಬರೋನಲ್ಲ. ವಾರಕ್ಕೆರಡು ಸಲ ಪಿಕಪ್ಪಲ್ಲಿ ನಮಗೆ ಮೊಟ್ಟೆ ತಂದು ಇಳಿಸ್ತಿದ್ದ. ಅಕ್ಕಾ, ಟ್ರೇ ಎತ್ತಬೇಡಿ, ನಾನು ಇಡ್ತೀನಿ ಅಂತಿದ್ದ. ಗಂಡ ಬಿಟ್ಟೋದ ಲೈನ್ ಹುಡುಗೀನ, ಅದೂ ಒಂದು ಮಗು ಇರೋಳನ್ನ ಕಟ್ಕೊಂಡಿದಾನೆ, ಎಂಥಾ ದೊಡ್ಡ ಮನಸ್ಸು ಅಂತ ನಾನೇ ಊರೆಲ್ಲ ಹೇಳಿದೀನಿ. ನಿನ್ನ ಮುಂದೇನೇ ಹೇಳಿದೀನಿ. ನಿಮ್ಮ ಪುಣ್ಯ ಅಂದಿದ್ದೆ.

ಅಂತೋನ ಮಾತು ನಂಬಿದೆ. ನಿನ್ನ ಮಾತು ನಂಬ್ಲಿಲ್ಲ. ಹಿಂಗೇ ಅಲ್ವಾ ನೀನು ಅಂದ್ಕೊಂಡಿರೋದು? ಸರಿಯಾಗೇ ಅಂದ್ಕೊಂಡಿದೀಯ.

ಚಿನ್ನಿ ಇತ್ತೀಚೆಗೆ ನಾಲ್ಕು ಗಂಟೆ ಆದ್ರೆ ಒಂದು ಆಟ ಶುರು ಮಾಡೋದು. ಮಕ್ಕಳೆಲ್ಲ ಚಪ್ಪಲಿ ಮೆಟ್ಕೊಂಡು ಓಡಿದ್ರೆ ಇದು ಬಲಗಾಲಿಂದು ಎಡಗಾಲಿಗೆ ಹಾಕ್ಕೊಳ್ಳೋದು, ಬಿಚ್ಚೋದು, ಮತ್ತೆ ಹಾಕ್ಕೊಳ್ಳೋದು. ಅವನು ಹೊರಗೆ ಹಾರನ್ ಹೊಡೀತಾ ಇರ್ತಿದ್ದ. ಏಯ್ ಸೋಮಾರಿ, ಬೇಗ ಬೇಗ ಅಂತ ನಾನೇ ಹಾಕಿ ಕಳಿಸ್ತಿದ್ದೆ. ನಾನೇ. ಈ ಕೈಯಲ್ಲಿ. ಮಗು ಮನೆಗೆ ಹೋಗೋಕೆ ತಡ ಮಾಡ್ತಿದೆ ಅಂತ ಹೊಳೀಲೇ ಇಲ್ಲ. ಮಕ್ಕಳ ಮನಸ್ಸು ಅರಿಯೋದು ಹೆಂಗೆ ಅಂತ ಮೂರು ದಿನ ಟ್ರೈನಿಂಗ್ ಕೊಟ್ಟಿದ್ರು ಬೇರೆ, ಊಟ ಹಾಕಿ, ಬ್ಯಾಗ್ ಕೊಟ್ಟು!

ಗೋಡೆ ಮೇಲೆ ಮಕ್ಕಳ ಸಹಾಯವಾಣಿ ನಂಬರ್ ಬರ್ದಿದೆಯಲ್ಲ, ಅದನ್ನ ಹಾಡು ಮಾಡಿ ಹೇಳ್ಕೊಟ್ಟಿದ್ದೆ ಮಕ್ಕಳಿಗೆ. ಹತ್ತು, ಒಂಬತ್ತು, ಎಂಟು... ಚಿನ್ನಿ ಎಲ್ಲರಿಗಿಂತ ಜೋರಾಗಿ ಹೇಳೋದು. ಬುಧವಾರಾನೂ ಹೇಳ್ತು. ಬೋರ್ಡ್ ಮುಂದೆ ನಿಂತ್ಕೊಂಡು, ನಿಕ್ಕರ್ ಒದ್ದೆ ಮಾಡ್ಕೊಂಡು, ಆದ್ರೂ ಹೇಳ್ತಾನೇ...

ಏನು?

ಬುಧವಾರ ಅಂದ್ನಾ? ಇಲ್ಲ ಇಲ್ಲ, ಮಂಗಳವಾರ ಇರ್ಬೇಕು. ಬುಧವಾರ ಬಂದಿರ್ಲಿಲ್ಲ ಅದು. ಪೊಲೀಸರಿಗೂ ಹಂಗೇ ಬರ್ಕೊಟ್ಟಿದೀನಿ. ಬುಧ, ಗುರು, ಶುಕ್ರ ಗೈರು, ಶನಿವಾರ ಬೆಳಿಗ್ಗೆ ಆಸ್ಪತ್ರೆ ಸುದ್ದಿ ಬಂತು. ಹಂಗೇ ಇರೋದು ಹಾಜರಿ ಪುಸ್ತಕದಲ್ಲಿ.

ಕಾಳಮ್ಮ... ನೀನು ಏನಾದ್ರೂ ಮಾತಾಡಬಾರ್ದಾ?

ಬಂದಿತ್ತು. ಬುಧವಾರ ಬಂದಿತ್ತು ಮಗು.

ಒದ್ದೆ ಆಗಿತ್ತಲ್ಲ, ಬಟ್ಟೆ ಬದಲಾಯಿಸೋಣ ಅಂತ ಒಳಗೆ ಕರ್ಕೊಂಡು ಹೋದೆ. ತೊಡೆ ಹಿಂದೆ ಇತ್ತು. ಹೊಸದು. ಇನ್ನೂ ಹಸಿ. ಕಾಮಾಲೆಗೆ ತೋಳಿಗೆ ಹಾಕ್ತಾರೆ, ಬೆನ್ನಿಗೂ ಹಾಕಬಹುದು ಅಂದ್ಕೊಂಡಿದ್ದೆ. ತೊಡೆ ಹಿಂದೆ ಯಾವ ಪಂಡಿತ ಹಾಕ್ತಾನೆ? ಯಾರೂ ಹಾಕಲ್ಲ. ನಂಗೆ ಗೊತ್ತಾಯ್ತು ಕಾಳಮ್ಮ. ಆ ಗಳಿಗೇಲೇ ಎಲ್ಲಾ ಗೊತ್ತಾಯ್ತು. ಬೆನ್ನಿಂದು, ಚಪ್ಪಲಿದು, ಎಲ್ಲಾ.

ಯಾರು ಪುಟ್ಟಿ ಅಂತ ಕೇಳ್ದೆ. ಅಪ್ಪಾಜಿ ಅಂತು. ಅಳಲಿಲ್ಲ. ನಾನು ಉಚ್ಚೆ ಹೊಯ್ಕೊಂಡ್ರೆ ಸೌಟು ಬಿಸಿ ಮಾಡ್ತಾರೆ ಮಿಸ್, ಇವತ್ತೂ ಹೊಯ್ಕೊಂಡೆ, ಹೇಳ್ಬೇಡಿ ಅಂತು. ಹೇಳಲ್ಲ ಅಂದೆ. ತಲೆ ಮುಟ್ಟಿ ಹೇಳಿ ಅಂತು. ಅದರ ತಲೆ ಮೇಲೇ ಕೈಯಿಟ್ಟು ಹೇಳ್ದೆ.

ಇರು, ಏಳಬೇಡ. ಕೂತ್ಕೋ. ದಮ್ಮಯ್ಯ ಅಂತೀನಿ, ಕೂತ್ಕೋ.

ಆ ನಂಬರ್ ಒತ್ತೋಕೆ ಫೋನ್ ತಗೊಂಡೆ. ದೇವರಾಣೆಗೂ ತಗೊಂಡೆ. ಆಮೇಲೆ... ಅವರು ಬಂದ್ರೆ ಮೊದಲು ಏನು ಕೇಳ್ತಾರೆ? ಇದು ಮೂರನೇ ಗಾಯ, ಮೊದಲ ಎರಡು ಕಂಡಾಗ ಏನು ಮಾಡ್ತಿದ್ರಿ ಮೇಡಂ ಅಂತ. ಅಜ್ಜಿ ಬಂದು ತೋರಿಸಿದ್ಲಲ್ಲ, ಬರೆದಿಟ್ಟಿದೀರಾ ಅಂತ. ಏನಂತ ಹೇಳ್ಲಿ? ತೋಳು ತೋರಿಸಿ ನಕ್ಕೆ ಅಂತಾನಾ? ಇನ್ನು ನಮ್ಮ ಜನ... ಟೀಚರ್ ನಮ್ಮ ಹುಡುಗನ್ನ ಒಳಗೆ ಹಾಕಿಸಿದ್ಲು ಅಂತ ಮನೆ ಬಾಗಿಲಿಗೆ ಬಂದು ನಿಲ್ತಾರೆ. ನಂಗೆ ಹೆದರಿಕೆ ಆಯ್ತು. ಬೇರೇನೂ ಅಲ್ಲ. ಬರೀ ಹೆದರಿಕೆ, ಅದೂ ನನ್ನ ಬಗ್ಗೆ.

ಪುಸ್ತಕದಲ್ಲಿ ಹಾಕಿದ್ದ ಹಾಜರಿ ಆಮೇಲೆ ತಿದ್ದಿದೆ. ಶನಿವಾರ. ಸುದ್ದಿ ಬಂದ ಮೇಲೆ.

ಆಯ್ತಲ್ಲ, ಹೇಳ್ದೆ. ಇಷ್ಟೇ. ನೋಡಿದ್ದೂ ನೋಡಿಲ್ಲ ಅಂದೆ, ಹಾಜರಿ ತಿದ್ದಿದೆ. ತಪ್ಪು, ದೊಡ್ಡ ತಪ್ಪು. ಇನ್ನೇನೂ ಇಲ್ಲ ನನ್ನ ಹತ್ರ.

ಮತ್ತೆ ಯಾಕೆ ಹಂಗೇ ನೋಡ್ತಿದೀಯ?

ಆ ಫೋನಾ? ಬುಧವಾರ ಅವನಿಗೆ ಫೋನ್ ಮಾಡಿದ್ದು ಮೊಟ್ಟೆ ವಿಷಯಕ್ಕೆ. ಒಂದು ಟ್ರೇ ಕಮ್ಮಿ ಬಂದಿತ್ತು. ಪೊಲೀಸರೂ ಕೇಳಿದ್ರು, ಹಂಗೇ ಹೇಳಿದೀನಿ, ಅವರೂ ಒಪ್ಕೊಂಡ್ರು. ಟೀಚರ್ ಮೊಟ್ಟೆ ತರೋನಿಗೆ ಫೋನ್ ಮಾಡದೆ ಇನ್ಯಾರಿಗೆ ಮಾಡ್ತಾಳೆ? ನೀನು ಕೇಳ್ದೆ ಅಂತ ಹೇಳ್ತಿರೋದು...

ನೀನು ಕೇಳ್ಲಿಲ್ಲ ಅಲ್ವಾ?

ಕೇಳ್ಲೇ ಇಲ್ಲ ನೀನು. ನಾನು ಬಂದಾಗಿಂದ ಒಂದು ಮಾತೂ ಆಡಿಲ್ಲ.

ಮೊಟ್ಟೆಗಲ್ಲ ಕಾಳಮ್ಮ. ನಾನೇ ಹೇಳ್ದೆ ಅವನಿಗೆ. ಕೀರ್ತಿ, ಮಗು ಎಲ್ಲಾ ಬಾಯಿಬಿಡ್ತಿದೆ ಕಣಪ್ಪ, ಅದರಜ್ಜೀನೂ ಬಂದು ಹೋದ್ಲು, ಯಾರಾದ್ರೂ ದೂರು ಕೊಟ್ರೆ ನಿನ್ನ ಗತಿ ಏನು, ಇವತ್ತಿಂದ ಕೈ ಹಿಡಿತದಲ್ಲಿ ಇಟ್ಕೋ ಅಂದೆ. ಹೆದರಿಸಿದ್ರೆ ನಿಲ್ಲಿಸ್ತಾನೆ ಅಂದ್ಕೊಂಡೆ. ಮಗೂನೂ ಉಳಿಯತ್ತೆ, ಅವನ ಮರ್ಯಾದೇನೂ ಉಳಿಯತ್ತೆ, ನನ್ನದೂ... ಅವನು ಜೋರು ಮಾಡ್ಲಿಲ್ಲ. ಅಕ್ಕಾ, ನೀವು ಹೇಳಿದ್ದು ಒಳ್ಳೇದಾಯ್ತು ಅಂದ. ನಾಲ್ಕು ಗಂಟೆಗೆ ಬಂದ. ನಾನೇ ಚಪ್ಪಲಿ ಹಾಕಿ ಕೈಹಿಡಿದು ಗಾಡಿ ಹತ್ತಿಸ್ದೆ. ಚಿನ್ನಿ ನನ್ನ ಕಡೆ ತಿರುಗಿ ನೋಡ್ತು. ತಲೆ ಮುಟ್ಟಿ ಹೇಳಿದ್ದೆ ನೋಡು ನಾನು... ಅದು ನಂಬಿತ್ತು.

ಗುರುವಾರದಿಂದ ಬರ್ಲಿಲ್ಲ. ಒಂದು ಸಲ ಹೋಗಿ ನೋಡ್ಲಿಲ್ಲ ನಾನು. ಇನ್ನೂರು ಹೆಜ್ಜೆ ಕಾಳಮ್ಮ, ಅಂಗನವಾಡಿಯಿಂದ ಅವರ ಮನೆಗೆ.

ಬೈಯಿ ನನ್ನ. ಆ ಮೊರ ತಗೊಂಡು ಹೊಡಿ. ರಂಜಿತಾ ಎಲ್ಲಾ ಹೇಳಿರ್ತಾಳೆ ನಿಂಗೆ, ನಂಗೊತ್ತು. ಅವನಿಗೆ ಫೋನ್ ಮಾಡಿದಾಗ ಅವಳು ಪಕ್ಕದಲ್ಲೇ ಇದ್ಲು, ಅವಳ ದನಿ ಕೇಳಿಸ್ತು ನಂಗೆ. ನಿನ್ನೆ ಹೇಳಿದ್ಲು ತಾನೆ? ಟೀಚರಮ್ಮನೇ ಹೇಳಿದ್ದು ಅಂತ?

ಹೇಳ್ಲಿಲ್ವಾ?

ಕಾಳಮ್ಮ... ಮೊರ ಯಾಕೆ ಆಚೆ ತಳ್ದೆ? ನಿಂಗೆ... ಗೊತ್ತೇ ಇರ್ಲಿಲ್ವಾ?

ಅಯ್ಯೋ ಶಿವನೇ. ನೀನು ಸುಮ್ನೆ ಕೂತಿದ್ದೆ ಅಷ್ಟೇ. ಮಾತಾಡೋಕೆ ಶಕ್ತಿ ಇಲ್ದೆ ಸುಮ್ನೆ ಕೂತಿದ್ದೆ.

ಬಾಗಿಲು ತೋರಿಸಬೇಡ, ಹೋಗ್ತೀನಿ. ಹೋಗ್ತೀನಿ ಅವ್ವಾ. ಒಂದು ಮಾತು ಉಳ್ಕೊಂಡಿದೆ, ಅದು ಪೊಲೀಸರಿಗೆ ಬೇಕಾಗಿಲ್ಲ, ಸಮಿತಿಯೋರೂ ಕೇಳಲ್ಲ, ನಿಂಗೇ ಹೇಳ್ಬೇಕು. ಬುಧವಾರ ಗಾಡಿ ಹೋದ ಮೇಲೆ ನನ್ನ ಎದೆ ಹಗುರ ಆಯ್ತು. ನನ್ನ ಕೆಲಸ ನಾನು ಮಾಡ್ದೆ ಅನ್ನಿಸ್ತು. ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ. ಅವತ್ತು ರಾತ್ರಿ ನಂಗೆ ಚೆನ್ನಾಗಿ ನಿದ್ದೆ ಬಂತು.