ಸೀಲು ಒಡೆದ ಕಾಮಿಕ್ಸಿನ ವಿಷಯ

ನಾನು, ವಯಸ್ಸು 44, ಬಟ್ಟೆ ಆಲ್ಟರ್ ಮಾಡುವ ಕೆಲಸ, ಎಲ್ಲರೂ ಟೈಲರಕ್ಕ ಎನ್ನುತ್ತಾರೆ, ವಾಸ ಸೈಕಲ್ ಅಂಗಡಿಯ ಮೇಲಿನ ಮಹಡಿ, ಓದಿದ್ದು ಐದನೇ ಕ್ಲಾಸಿನವರೆಗೆ, ಠಾಣೆಗೆ ಖುದ್ದಾಗಿ ಬಂದು ಬರೆಸುವುದೇನೆಂದರೆ:

ನನ್ನ ತಮ್ಮ ಹಳೆಯ ಕಾಮಿಕ್ಸ್ ಕೂಡಿಡುತ್ತಾನೆ. ಒಂದನ್ನು ಗ್ರೇಡಿಂಗ್ ಕಂಪನಿಗೆ ಕಳಿಸಿದ್ದ. ಅವರು ಪುಟಪುಟ ನೋಡಿ, ಅಸಲಿ ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲು ಮಾಡಿ ವಾಪಸು ಕಳಿಸಿದರು. ಒಂದು ಪುಸ್ತಕಕ್ಕೆ ಯಾಕೋ ಇಷ್ಟು ರಾಮಾಯಣ ಎಂದು ಕೇಳಿದ್ದಕ್ಕೆ, ಮಾರೋನ ಮಾತು ಕೊಳ್ಳೋನು ನಂಬಲ್ಲ, ಅದಕ್ಕೇ ಇಬ್ಬರಿಗೂ ಸೇರದ ಮೂರನೆಯವರು ಬೇಕು ಕಣಕ್ಕ ಎಂದ.

ಕಳೆದ ಗುರುವಾರ ಅವನು ಕೆಲಸಕ್ಕೆ ಹೋದ ಮೇಲೆ ಪೆಟ್ಟಿಗೆ ಒರೆಸುತ್ತಿದ್ದೆ. ನಮ್ಮ ಮನೆಯಲ್ಲಿ ಹುಳು ಜಾಸ್ತಿ. ಗಾಳಿಯಾಡದ ಕಡೆ ಹುಳು ಬಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು ಹೆದರಿಕೆಯಾಯಿತು. ನನಗೆ ಎಲ್ಲದಕ್ಕೂ ಹೆದರಿಕೆಯೇ. ಕತ್ತರಿಯ ತುದಿಯಿಂದ ಅಂಚು ಬಿಡಿಸಿ, ಗಿರಾಕಿಗಳ ಉಣ್ಣೆ ಬಟ್ಟೆಗೆ ಇಡುವಂತೆ ನುಸಿಗುಳಿಗೆ ಇಟ್ಟು, ಸಂಜೆ ತೆಗೆದು, ಅಂಟು ಹಚ್ಚಿ ಮುಚ್ಚಿದೆ. ತಮ್ಮನಿಗೆ ಹೇಳಲಿಲ್ಲ. ಒಳ್ಳೆಯದೇ ಮಾಡಿದೆ ಎಂದುಕೊಂಡಿದ್ದೆ.

ಭಾನುವಾರ ಅವನು ಅದನ್ನು ಒಬ್ಬ ಸಂಗ್ರಹಗಾರರಿಗೆ ಮಾರಿದ. ಇಂದು ಮಧ್ಯಾಹ್ನ ಮೂರು ಗಂಟೆಗೆ, ತಮ್ಮನೂ ಮನೆಯಲ್ಲಿದ್ದಾಗ, ಅವರು ಇಬ್ಬರನ್ನು ಕರೆದುಕೊಂಡು ಬಂದರು. ಒಬ್ಬ ಚಿಲಕ ಹಾಕಿ ಬಾಗಿಲಿಗೇ ಒರಗಿ ನಿಂತ. ಸಂಗ್ರಹಗಾರರು ಜೋರು ಮಾಡಲಿಲ್ಲ. ಮೆತ್ತಗೇ ಮಾತಾಡಿದರು. ಪೆಟ್ಟಿಗೆಯನ್ನು ನನ್ನ ಮೂಗಿಗೆ ಹಿಡಿದು, ಕಂಪನಿ ಸೀಲಿಗೆ ನುಸಿಗುಳಿಗೆ ವಾಸನೆ ಯಾವಾಗಿಂದ ಬಂತಕ್ಕಾ ಎಂದು ಕೇಳಿದರು. ಅಸಲಿ ತೆಗೆದು ನಕಲಿ ತುರುಕಿದ್ದೀರಿ, ಅಸಲಿ ಎಲ್ಲಿ ಎಂದರು. ತಮ್ಮ ಏನೂ ತಿಳಿಯದೆ ನನ್ನ ಮುಖ ನೋಡಿದ. ನಾನು ಮಾಡಿದ್ದನ್ನು ಹೇಳಿದೆ. ಬಾಗಿಲಲ್ಲಿದ್ದವನು, ಕಥೆ ಚೆನ್ನಾಗೈತೆ, ಇದಕ್ಕೂ ಒಂದು ಅಂಕ ಕೊಡಿಸೋಣ ಎಂದು ನಕ್ಕ.

ನಮ್ಮಕ್ಕ ಹುಳಕ್ಕೆ ಹೆದರ್ತಾಳೆ ಸಾರ್, ಮೋಸ ಮಾಡಲ್ಲ ಎಂದು ತಮ್ಮ ಹೇಳುತ್ತಲೇ ಇದ್ದ. ಜೊತೆಗೆ ಬಂದಿದ್ದ ಇಬ್ಬರೂ ಅವನ ರಟ್ಟೆ ಹಿಡಿದು ಕೆಳಗೆ ಎಳೆದುಕೊಂಡು ಹೋದರು. ಚಪ್ಪಲಿ ಹಾಕಿಕೊಳ್ಳಲೂ ಬಿಡಲಿಲ್ಲ. ಬಿಳಿ ಕಾರು, ನಂಬರಿನ ಕೊನೆ 71, ಮೊದಲಿನದು ಕಣ್ಣಿಗೆ ಹತ್ತಲಿಲ್ಲ. ನಾಳೆ ಬೆಳಿಗ್ಗೆ ಹತ್ತರೊಳಗೆ ಅಸಲಿ ಕೊಟ್ಟರೆ ತಮ್ಮ ಸಿಗುತ್ತಾನೆ ಎಂದು ಹೇಳಿ, ಸಂಗ್ರಹಗಾರರು ಪೆಟ್ಟಿಗೆಯನ್ನು ನನ್ನ ಹೊಲಿಗೆ ಮಷಿನ್ ಮೇಲೆ ಎಸೆದು ಹೋದರು.

ಬೇರೆ ಅಸಲಿ ಇಲ್ಲ. ಅವರು ಎಸೆದು ಹೋದದ್ದೇ ಅಸಲಿ. ನಾನು ಎಲ್ಲಿಂದ ತರಲಿ? ನಾನು ಆಣೆ ಇಟ್ಟರೂ ನಂಬುವವರಿಲ್ಲ. ಕಂಪನಿಯವರೇ ಮತ್ತೆ ನೋಡಿ ಹೇಳಬೇಕು, ಅದಕ್ಕೆ ವಾರಗಟ್ಟಲೆ ಬೇಕಂತೆ. ದಯವಿಟ್ಟು ತಮ್ಮನನ್ನು ಹುಡುಕಿಸಿಕೊಡಿ.

ಎಸೆದ ಏಟಿಗೆ ಪೆಟ್ಟಿಗೆಯ ಅಂಟು ಬಿಟ್ಟಿದೆ, ಪುಸ್ತಕವನ್ನು ಪೆಟ್ಟಿಗೆ ಸಮೇತ ದಿಂಬಿನ ಚೀಲದಲ್ಲಿ ಸುತ್ತಿ ತಂದು ಮೇಜಿನ ಮೇಲೆ ಇಟ್ಟಿದ್ದೇನೆ. ಇದನ್ನು ಬರೆಸುತ್ತಿರುವಾಗ ಪಕ್ಕದ ಮೇಜಿನ ಸಾಹೇಬರು ಪುಟ ತಿರುವಿ ನೋಡಲು ಬೆರಳಿಗೆ ಉಗುಳು ಹಚ್ಚಿಕೊಂಡರು. ನಾನು ಎದ್ದು ಅವರ ಕೈ ಹಿಡಿದೆ. ತಪ್ಪಾಗಿದ್ದರೆ ಕ್ಷಮಿಸಬೇಕು. ನನ್ನ ತಮ್ಮನ ಪರ ಸಾಕ್ಷಿ ಹೇಳಲು ಇರುವುದು ಆ ಪುಸ್ತಕವೊಂದೇ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಕಂಡದ್ದು, ಮಾಡಿದ್ದು ಇಷ್ಟೇ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಮಂಗಳವಾರ
ಸಹಿ: (ಟೈಲರಕ್ಕ, ಫಿರ್ಯಾದಿ)