ಅರಗಿನ ಬಳೆ, ಬರೆಯುವ ಹೆಡ್ಡು

ಹುಮನಾಬಾದ ನಿಲ್ದಾಣದಲ್ಲಿ ಬಸವಕಲ್ಯಾಣದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅರಗಿನ ಬಳೆಯ ಬುಟ್ಟಿ ಇಟ್ಟುಕೊಂಡಿದ್ದ ಮುದುಕಿ, ಪರಿಚಯದ ಹುಡುಗಿಯನ್ನು ವಿಚಾರಿಸುತ್ತಿದ್ದಳು.

“ವಿಶಾಖಾ, ನಿನ್ನ ಡಿಸೈನ್ ಪಾಸಾತೇನು?”

“ಇಲ್ರಿ ಚಾಚಿ. ಕಂಪ್ಯೂಟರಿನ ಹಾರ್ಡ್‌ಡಿಸ್ಕಿನ್ಯಾಗ ಮಾಹಿತಿ ಬರಿಯೋ ಹೆಡ್ಡದು, ಪೆನ್ನಿನ ಮೊನಿ ಇದ್ದಂಗ. ನಿಮ್ಮ ಅರಗಿನಂಗ ಮೊದಲು ಜಾಗಾ ಕಾಯಿಸಬೇಕು, ಬಿಸಿ ಇದ್ದಾಗನ ಅಯಸ್ಕಾಂತದಿಂದ ಬರಿಬೇಕು. ಆರಿದ್ರ ಬರೆದದ್ದು ಗಟ್ಟಿ ಕೂಡತದ.”

“ಮತ್ತೇನಾತು?”

“ಬಿಸಿ ಹರಡಿ ಬಾಜೂ ಬರೆದದ್ದೂ ಅಳಿಸಿಬಿಡ್ತು.”

“ನಂಗೂ ಹಂಗ ಆಗತದ. ಒಂದು ನಕ್ಷಿ ಒತ್ತಾಕ ಹೋದ್ರ ಬಾಜೂದು ಕರಗತದ.”

“ಆಗ ಏನ್ ಮಾಡ್ತೀರಿ?”

“ಅದೇ ಅರಗು ಮತ್ತ ಕಾಯಿಸಿ ಒತ್ತತೀನಿ. ನಿನ್ನ ಕೈಯಾಗಿಂದು ಅಂಥಾದ್ದೇ ಬಳಿ.”

ವಿಶಾಖಾ ಬಳೆ ತಿರುಗಿಸಿ ತಿರುಗಿಸಿ ನೋಡಿದಳು.

“ಗೊತ್ತೇ ಆಗಂಗಿಲ್ಲಲ್ರಿ!”

ಬಸ್ಸು ಬಂತು. ಚಾಚಿಯ ಬುಟ್ಟಿಯನ್ನು ವಿಶಾಖಾಳೇ ಎತ್ತಿಕೊಂಡಳು.

“ಸೋಮವಾರ ಲ್ಯಾಬಿಗೆ ಹೋಗಿ ಬಿಸಿ ಬೀಳೋ ಜಾಗಾ ಇನ್ನಷ್ಟು ಸಣ್ಣದು ಮಾಡ್ತೀನ್ರಿ,” ಎನ್ನುತ್ತಾ ಚಾಚಿಯ ಹಿಂದೆ ಹತ್ತಿದಳು.