ಮಳೆ ಬರೋವರೆಗೆ ವಾರಕ್ಕೆ

ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು. ಒಬ್ಬ ಗುಬ್ಬಿ ಕಡೆಯ ಕುರಿಗಾಹಿ ಚಿಕ್ಕರಂಗಯ್ಯ. ಇನ್ನೊಬ್ಬ ಅವನ ಅಕ್ಕನ ಗಂಡ, ಮಾರ್ಕೋನಹಳ್ಳಿಯವನು.

“ಭಾವ, ಟಗರೆಲ್ಲ ಮಾರ್ಬುಟ್ಟೆ. ಗಬ್ಬದ ಕುರಿ ಮಾತ್ರ ಉಳ್ಸಿದೀನಿ. ನಮ್ ಕಡೆ ಮೇವಿಲ್ಲ. ಮಳೆ ಬರೋಗಂಟ ವಾರಕ್ಕೆ, ಪಾಲಿನ್ ಮೇಲೆ ಇಟ್ಕೊ. ಹುಟ್ಟೋ ಮರೀಲಿ ಅರ್ಧ ನಿಂದು.”

“ನಮ್ಮೂರ್ ಡ್ಯಾಮಿನ ಅಂಚಲ್ಲಿ ಹುಲ್ಲೈತೆ, ಇಲ್ಲ ಅನ್ನಾಕಿಲ್ಲ. ಮೇಯ್ಸೋರ್ ಯಾರ್ಲಾ? ನನ್ ಮಂಡಿ ಹೋಗೈತೆ.”

“ಆಳಿಡು.”

“ಕೂಲಿ ನೀನ್ ಕೊಡ್ತೀಯಾ?”

ಚಿಕ್ಕರಂಗಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

“ನೀನೇ ಬಂದ್ಬುಡು. ಊಟ ಹಾಕ್ತೀನಿ.”

“ನನ್ ಕುರಿಗೆ ನಾನೇ ಜೀತ, ಮರೀಲಿ ಅರ್ಧ ನಿಂಗೆ! ಚೆನ್ನಾಗೈತೆ ಭಾವ ನಿನ್ ಲೆಕ್ಕ.”

“ಬ್ಯಾಡ ಅಂದ್ರೆ ಬುಡು. ನಿಮ್ಮೂರಾಗೆ ಕಟುಕ ಅವ್ನೆ, ಅವನ್ನೇ ಕೇಳು.”

“ಬೆಳಿಗ್ಗೆ ಬಂದಿದ್ದ. ಒಂದೊಂದರ ಹೊಟ್ಟೆನೂ ಮುಟ್ಟಿ ನೋಡ್ದ. ಒಳಗಿರೋದಕ್ಕೆ ಕಾಸಿಲ್ಲ ಅಂದ.”

ಮಾರ್ಕೋನಹಳ್ಳಿ ಬಸ್ ಬಂತು. ಭಾವ ಮಂಡಿ ಹಿಡಿದುಕೊಂಡು ಎದ್ದ. ಚಿಕ್ಕರಂಗಯ್ಯ ಅವನ ಚೀಲ ಎತ್ತಿಕೊಟ್ಟ.

“ಸೋಮವಾರ ಕುರಿ ಹೊಡ್ಕೊಂಡ್ ಬತ್ತೀನಿ. ಅಕ್ಕಂಗೆ ಮಾತ್ರ ನೆಂಟನಾಗಿ ಬತ್ತಾವ್ನೆ ಅನ್ನು.”

ಭಾವ ತಲೆಯಾಡಿಸಿ ಬಸ್ ಹತ್ತಿದ.